ತಲೆಗೊಂದು ಆಪ್ಷನ್: ನಾವು ಗಣಿತ ಓದಿದ ರೀತಿ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಎಂ.ಎಸ್‌ಸಿ. ಗಣಿತ ಓದುವಾಗ, ಸಂಜೆ ಕ್ಲಾಸ್ ಮುಗಿದ ಮೇಲೆ ನಾವು ಕೆಲವರು ಖಾಲಿ ರೂಮಿನಲ್ಲಿ ಕೂರುತ್ತಿದ್ದೆವು. ಒಂದು ಬೋರ್ಡು, ಮೇಷ್ಟ್ರು ಬಿಟ್ಟುಹೋದ ಚಾಕ್‌ಪೀಸು ಇದ್ದರೆ ಸಾಕಿತ್ತು. ಮೊದಮೊದಲು ಒಬ್ಬರು ನೋಟ್ಸ್ ನೋಡಿ ಹೇಳುವುದು, ಉಳಿದವರು ಬರೆದುಕೊಳ್ಳುವುದು. ಅದು ಇನ್ನೊಂದು ಕ್ಲಾಸೇ ಆಯ್ತು, ಅಲ್ವಾ?

ಸಂಶೋಧನಾ ಫೆಲೋಶಿಪ್‌ಗೂ ಅಧ್ಯಾಪಕ ಹುದ್ದೆಗೂ ಅರ್ಹತೆ ಕೊಡುವ ಸಿಎಸ್‌ಐಆರ್ ನೆಟ್ ಪರೀಕ್ಷೆಯ ತಯಾರಿ ಶುರುವಾದಾಗ ರೀತಿ ಬದಲಾಯಿತು. ಅದರ ಪಾರ್ಟ್ ಸಿ ನಲ್ಲಿ ಒಂದು ಪ್ರಶ್ನೆಗೆ 4.75 ಅಂಕ. ನಾಲ್ಕು ಆಪ್ಷನ್‌ಗಳಲ್ಲಿ ಒಂದಕ್ಕಿಂತ ಜಾಸ್ತಿ ಸರಿ ಇರಬಹುದು. ಸರಿಯಾದವನ್ನೆಲ್ಲ ಗುರುತಿಸಿದರಷ್ಟೇ ಅಂಕ, ಅರ್ಧಂಬರ್ಧಕ್ಕೆ ಏನೂ ಇಲ್ಲ. ನೆಗೆಟಿವ್ ಮಾರ್ಕ್ಸ್ ಇಲ್ಲ ಅನ್ನೋದೊಂದೇ ಸಮಾಧಾನ. ಹಾಗಾಗಿ ತಲೆಗೊಂದು ಆಪ್ಷನ್ ಹಂಚಿಕೊಂಡೆವು. ನಿಜ ಅನಿಸಿದರೆ ಪ್ರೂಫ್ ಕೊಡಬೇಕು, ಸುಳ್ಳು ಅನಿಸಿದರೆ ಕೌಂಟರ್ ಎಕ್ಸಾಂಪಲ್, ಅಂದರೆ ಮಾತು ತಪ್ಪೆಂದು ತೋರಿಸುವ ಒಂದು ಉದಾಹರಣೆ. ಬೋರ್ಡಿಗೆ ಹೋದವರ ಕೈಯಲ್ಲಿ ನೋಟ್ಸ್ ಇರಕೂಡದು.

ಒಂದು ಸಂಜೆ ಬಂದ ಪ್ರಶ್ನೆ: ಎರಡು ಯೂನಿಫಾರ್ಮ್‌ಲಿ ಕಂಟಿನ್ಯೂಯಸ್ (ಎಲ್ಲಿ ನೋಡಿದರೂ ಒಂದೇ ಅಳತೆಯಷ್ಟು ಹತ್ತಿರದ ಬಿಂದುಗಳಿಗೆ ಬೆಲೆಗಳೂ ಹತ್ತಿರವೇ ಇರುವ) ಫಂಕ್ಷನ್‌ಗಳ ಗುಣಲಬ್ಧವೂ ಹಾಗೇ ಇರುತ್ತದೆಯೇ? "ಇರುತ್ತೆ ಕಣೋ, ಅದರಲ್ಲೇನಿದೆ" ಎಂದ ಒಬ್ಬ. ಗೆಳತಿಯೊಬ್ಬಳು ಸುಮ್ನೆ ಎದ್ದು ಎರಡೂ ಫಂಕ್ಷನ್ 'ಎಕ್ಸ್' ಎಂದೇ ಬರೆದಳು. ಗುಣಿಸಿದರೆ ಎಕ್ಸ್ ಸ್ಕ್ವೇರ್. 100 ಮತ್ತು 100.01ರ ವರ್ಗಗಳ ನಡುವೆ 2.0001 ಅಂತರ. 1000 ಮತ್ತು 1000.001ರ ನಡುವೆ 2.000001. ಬಿಂದುಗಳು ಎಷ್ಟು ಹತ್ತಿರ ಬಂದರೂ ವರ್ಗಗಳ ಅಂತರ 2ಕ್ಕಿಂತ ಕೆಳಗಿಳಿಯಲಿಲ್ಲ. ಬೆಲೆಗಳ ಅಂತರದ ಮಿತಿ, ಅಂದರೆ ಎಪ್ಸಿಲಾನ್, 2 ಎಂದಿಟ್ಟರೆ ಬಿಂದುಗಳ ಅಂತರಕ್ಕೆ ಹಾಕುವ ಮಿತಿ, ಅಂದರೆ ಡೆಲ್ಟಾ, ಎಷ್ಟು ಚಿಕ್ಕದಿದ್ದರೂ ಸಾಲದು. ಅಲ್ಲಿಗೇ ಬಿಡಲಿಲ್ಲ ನಾವು. ಎರಡೂ ಬೌಂಡೆಡ್ ಆಗಿದ್ದರೆ, ಅಂದರೆ ಬೆಲೆಗಳು ಒಂದು ಮಿತಿಯೊಳಗೇ ಇದ್ದರೆ? ಆಗ ನಿಜವೇ. ನಡುವೆ ಒಂದು ಪದ ಕೂಡಿಸಿ ಕಳೆದರೆ ಪ್ರೂಫ್ ಎರಡು ಸಾಲಿಗೆ ಮುಗಿಯುತ್ತದೆ. ನನ್ನ ಪ್ರಕಾರ ಗುಂಪಿನ ಓದಿನ ಲಾಭ ಇರುವುದು ಈ "ಹಂಗಿದ್ರೆ?"ಯಲ್ಲೇ. ಒಬ್ಬರೇ ಕೂತಾಗ ಉತ್ತರ ನೋಡಿ ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತೇವೆ.

ಗಣಿತದ ಪದಗಳೆಲ್ಲ ಇಂಗ್ಲಿಷ್, ಜಗಳವೆಲ್ಲ ಕನ್ನಡ. ಡಿಗ್ರಿಯಲ್ಲಿ ಬಾಯಿಬಿಡದವರೂ ಇಲ್ಲಿ "ಯಾಕೆ?" ಅಂತ ಕೇಳುತ್ತಿದ್ದರು. ಆದರೆ ಗುಂಪಿನಲ್ಲಿ ಆರೇಳು ಜನರಾದರೆ ಇಬ್ಬರೇ ಮಾತಾಡುತ್ತಾರೆ, ಮಿಕ್ಕವರು ಮೊಬೈಲ್ ನೋಡುತ್ತಾರೆ. ನಾಲ್ಕು ಜನ ಸಾಕು.

ಎಲ್ಲಕ್ಕೂ ಈ ಪದ್ಧತಿ ಒಗ್ಗುವುದಿಲ್ಲ. ಕಾಂಪ್ಲೆಕ್ಸ್ ಅನಾಲಿಸಿಸ್‌ನಲ್ಲಿ ಸೂತ್ರ ಹಾಕಿ ಬಿಡಿಸುವ ರೆಸಿಡ್ಯೂ ಲೆಕ್ಕಗಳಂಥವನ್ನು ಹಾಸ್ಟೆಲ್‌ನಲ್ಲಿ ಒಬ್ಬೊಬ್ಬರೇ ಮಾಡಿ, ಮರುದಿನ ಉತ್ತರ ತಾಳೆ ನೋಡುತ್ತಿದ್ದೆವು. ತಾಳೆಯಾಗದ್ದು ಮಾತ್ರ ಬೋರ್ಡಿಗೆ ಹೋಗುತ್ತಿತ್ತು.