ಪ್ರೊಬೇಷನ್ ಹುಡುಗನ ಎರಡು ದಿನದ ಸಂಬಳ

ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಹಾಜರಿ, ಸಂಬಳ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಸೇರಿದಾಗ ಹಿಂದಿನವರು ಒಂದು ಮಾತು ಹೇಳಿ ಹೋಗಿದ್ದರು: "ಆರು ತಿಂಗಳು ಪ್ರೊಬೇಷನ್. ಅಷ್ಟರೊಳಗೆ ರಜೆ ಹಾಕಿದ್ರೆ ಸಂಬಳ ಕಟ್." ಲೀವ್ ರಿಜಿಸ್ಟರ್‌ನಲ್ಲಿ ಹೊಸಬರ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಉದ್ದಕ್ಕೆ ಒಂದು ಗೆರೆ. ನಾನೂ ಸುಮ್ನೆ ಗೆರೆ ಎಳೆಯುತ್ತಾ ಬಂದೆ.

ಒಂದು ವರ್ಷ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಜೋರಾಗಿತ್ತು. ಭಾಗಮಂಡಲದಲ್ಲಿ ಸಂಗಮ ತುಂಬಿ ರಸ್ತೆ ಮೇಲೆ ನೀರು. ಆಗಿನ್ನೂ ಅಲ್ಲಿ ಮೇಲ್ಸೇತುವೆ ಆಗಿರಲಿಲ್ಲ. ಆ ಕಡೆಯ ರೂಂ ಬಾಯ್ ಒಬ್ಬ, ಸೇರಿ ಮೂರು ತಿಂಗಳಾಗಿತ್ತಷ್ಟೆ, ಎರಡು ದಿನ ಬರಲಿಲ್ಲ. ತಿಂಗಳ ಕೊನೆಗೆ ಎರಡು ದಿನದ ಸಂಬಳ ಹಿಡಿದೆ. ಅವನು ಜಗಳ ಮಾಡಲಿಲ್ಲ. "ಮೇಡಂ, ನೀರಿನ ಫೋಟೋ ಕಳ್ಸಿದ್ನಲ್ಲಾ?" ಎಂದು ಕೇಳಿ ಹೋದ. ಫೋಟೋ ನನ್ನ ಮೊಬೈಲ್‌ನಲ್ಲೇ ಇತ್ತು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ನಮ್ಮ ಆಡಿಟರ್ ಹತ್ತಿರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪುಸ್ತಕ ಕೇಳಿ ತಂದೆ. 1961ರ ಕಾಯ್ದೆ. ರಜೆ ವಿಷಯ 15ನೇ ಕಲಂನಲ್ಲಿದೆ. ಅಲ್ಲಿ ಎರಡು ಬಗೆ. ಒಂದು, 20 ದಿನ ದುಡಿದರೆ 1 ದಿನ ಎಂದು ಕೂಡುತ್ತಾ ಹೋಗುವ ರಜೆ. ಇನ್ನೊಂದು, ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ: ಕಾಯಿಲೆಗೆ, ಅಪಘಾತಕ್ಕೆ, ಇಲ್ಲವೇ ಬೇರೆ ಯಾವುದಾದರೂ ಸರಿಯಾದ ಕಾರಣಕ್ಕೆ. ಈ 12 ದಿನ ಸಿಗುವುದು ಕೆಲಸದ ಮೊದಲ 12 ತಿಂಗಳಿಂದಲೇ. ಆ ಸಾಲಿಗೆ ಬಂದು ನಿಂತೆ. ನಮ್ಮ ಆರು ತಿಂಗಳ ಪ್ರೊಬೇಷನ್ ಆ ಮೊದಲ ವರ್ಷದೊಳಗೇ ಬರುತ್ತದೆ ಅಲ್ವಾ? ರಸ್ತೆ ಮುಳುಗುವುದು ಸರಿಯಾದ ಕಾರಣ ಅಲ್ಲದಿದ್ದರೆ ಇನ್ನು ಯಾವುದು!

ಓನರ್ ಮೊದಲು ಗೊಣಗಿದರು. "ಹೊಸಬರು ಸಲುಗೆ ತಗೋತಾರೆ." ಹುಡುಗ ಹೇಗೆ ಕೆಲಸ ಮಾಡ್ತಾನೆ ಅಂತ ನೋಡೋಕೆ ಪ್ರೊಬೇಷನ್, ಜ್ವರ ಬರುತ್ತಾ ಇಲ್ಲವಾ ಅಂತ ನೋಡೋಕಲ್ಲ ಎಂದೆ. ನಕ್ಕು ಸಹಿ ಹಾಕಿದರು. ಹಿಡಿದ ಸಂಬಳ ಆಗಸ್ಟ್‌ನಲ್ಲಿ ವಾಪಸ್ ಕೊಟ್ಟೆ. ಕೆಂಪು ಗೆರೆಗಳ ಮೇಲೆ ವೈಟ್ನರ್ ಬಳಿದೆ. ನೋಡಲು ಇನ್ನೂ ಅಸಹ್ಯವಾಗೇ ಇದೆ.

ಈಗ ಸೇರಿದ ದಿನದಿಂದಲೇ ಎರಡು ಕಾಲಂ ಬರೆಯುತ್ತೇನೆ. ಆರು ತಿಂಗಳಲ್ಲಿ ವಾರದ ರಜೆ ಕಳೆದು 156 ದಿನ ದುಡಿದರೆ ಸುಮಾರು 8 ದಿನ ಜಮೆ. ಅದನ್ನು ಕಾಯಂ ಆದ ಮೇಲೆ ತೆಗೆದುಕೊಳ್ಳಿ ಎನ್ನುವುದು ನಮ್ಮ ಪದ್ಧತಿ. 12 ದಿನದ ಕಾಲಂಗೆ ಮಾತ್ರ ಕಾಯಿಸುವುದಿಲ್ಲ. ಅದೂ ಮುಗಿದರೆ ಸಂಬಳ ಕಟ್, ಇದನ್ನು ನೇಮಕಾತಿ ಲೆಟರ್‌ನಲ್ಲೇ ಬರೆದಿದ್ದೇವೆ.

ಹಬ್ಬದ ರಜೆ ಬೇರೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಬಿಟ್ಟು ಇನ್ನೂ 5 ಹಬ್ಬ ಆರಿಸಬೇಕು. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ, ಕೊಡಗಿನ ಈ ಮೂರು ಹಬ್ಬಕ್ಕೆ ಚರ್ಚೆಯೇ ಆಗಲಿಲ್ಲ. ಆದರೆ ರೆಸಾರ್ಟ್ ಮುಚ್ಚಲು ಆಗುತ್ತಾ? ಆ ದಿನ ದುಡಿದವರಿಗೆ ಎರಡು ಪಟ್ಟು ಸಂಬಳ, ಇಲ್ಲದಿದ್ದರೆ ಸಂಬಳದ ಜೊತೆ ಬದಲಿ ರಜೆ. ಹುತ್ತರಿಗೆ ಊರಿಗೆ ಹೋದವರು ಕ್ರಿಸ್‌ಮಸ್ ವಾರ ಬರಲೇಬೇಕು ಎಂದೂ ಇದೆ. ಇದು ಯಾವ ಕಾಯ್ದೆಯಲ್ಲೂ ಇಲ್ಲ, ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಅವರವರೇ ಮಾಡಿಕೊಂಡದ್ದು.