ಹಳೇ ಗೆಳೆಯರ ಗುಂಪಿಗೆ ಫಿಲಿಪೈನ್ಸ್‌ನ ಹಳೇ ಊರುಗಳು: ಹೊರಡುವುದು ಹೇಗೆ?

ಫಿಲಿಪೈನ್ಸ್ ಅಂದ ತಕ್ಷಣ ಎಲ್ಲರೂ ಬೀಚ್ ಅನ್ನುತ್ತಾರೆ. ಅರವತ್ತು ದಾಟಿದ ಗೆಳೆಯರು ಒಟ್ಟಿಗೆ ಹೊರಡುವುದಾದರೆ ನಾನು ಹೇಳುವ ದಾರಿ ಬೇರೆ: ವೀಗನ್, ತಾಲ್, ಪೀಲಾ. ಊರ ನಡುವೆ ಚೌಕ, ಚೌಕದ ಪಕ್ಕ ಚರ್ಚ್, ಸುತ್ತ ಸ್ಪೇನ್ ಆಳ್ವಿಕೆಯ ಕಾಲದ ಮನೆಗಳು. ಕೂತು ಮಾತಾಡೋಕೆ ಜಾಗ ಬೇಕಾದಷ್ಟಿದೆ. ಹಳೇ ಗೆಳೆಯರಿಗೆ ಬೇಕಾಗಿರುವುದೂ ಅದೇ ಅಲ್ವಾ?

ನಮ್ಮದು ಎಂಟು ಜನರ ಕಾಲೇಜು ಗುಂಪು. ಒಬ್ಬನಿಗೆ ಮೊಣಕಾಲು ನೋವು, ಇಬ್ಬರು ಮೊಟ್ಟೆಯನ್ನೂ ಮುಟ್ಟದವರು, ಒಬ್ಬಳಿಗೆ ಮಧ್ಯಾಹ್ನದ ನಿದ್ದೆ ಬೇಕೇ ಬೇಕು. ಇಂಥ ಗುಂಪಿಗೆ ದಿನಕ್ಕೊಂದು ಊರು ಅನ್ನೋ ಪ್ಯಾಕೇಜ್ ಟೂರ್ ಬೇಡವೇ ಬೇಡ. ಊರು ಕಡಿಮೆ ಇರಲಿ, ರಾತ್ರಿ ಜಾಸ್ತಿ ಇರಲಿ. ವೀಗನ್‌ನಲ್ಲಿ ಮೂರು ರಾತ್ರಿ, ತಾಲ್‌ನಲ್ಲಿ ಎರಡು. ಪೀಲಾವನ್ನು ಮನಿಲಾದಿಂದ ಬೆಳಿಗ್ಗೆ ಹೋಗಿ ಸಂಜೆಗೆ ಬರುವಂತೆ ನೋಡಬಹುದು.

ಮೊದಲು ಕಾಗದಪತ್ರ. 2025ರ ಜೂನ್‌ನಿಂದ ಭಾರತೀಯರು ಪ್ರವಾಸಕ್ಕೆ 14 ದಿನ ವೀಸಾ ಇಲ್ಲದೆ ಹೋಗಬಹುದು. ಆ 14 ದಿನವನ್ನು ಮುಂದುವರಿಸಲು ಆಗುವುದಿಲ್ಲ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ, ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಖರ್ಚಿಗೆ ದುಡ್ಡಿದೆ ಅನ್ನೋದಕ್ಕೆ ದಾಖಲೆ ಬೇಕು. ಇಳಿಯುವ ಮುಂಚಿನ 72 ಗಂಟೆಯೊಳಗೆ ಇ-ಟ್ರಾವೆಲ್ ಅನ್ನೋ ಉಚಿತ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕು. ಮೊಬೈಲ್ ಚೆನ್ನಾಗಿ ಬಳಸುವ ಒಬ್ಬರು ಎಲ್ಲರದ್ದೂ ಕೂತು ತುಂಬಿಬಿಡಲಿ. ನಿಯಮ ಬದಲಾಗಬಹುದು, ಟಿಕೆಟ್ ಮಾಡಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಡಿಸೆಂಬರ್‌ನಿಂದ ಫೆಬ್ರವರಿ ತನಕ ಹವೆ ಚೆನ್ನಾಗಿರುತ್ತದೆ. ಜುಲೈನಿಂದ ಅಕ್ಟೋಬರ್ ಚಂಡಮಾರುತದ ಕಾಲ, ಹೋಗಬೇಡಿ. ಈಸ್ಟರ್ ಹಿಂದಿನ ಪವಿತ್ರ ವಾರದಲ್ಲಿ ಇಡೀ ದೇಶ ಊರಿಗೆ ಹೊರಟಿರುತ್ತದೆ, ಗುರುವಾರ ಶುಕ್ರವಾರ ಅಂಗಡಿಗಳೂ ಮುಚ್ಚಿರುತ್ತವೆ.

ಮನಿಲಾದಿಂದ ವೀಗನ್‌ಗೆ ಸುಮಾರು 400 ಕಿಲೋಮೀಟರ್. ಬಸ್ಸಿನಲ್ಲಿ ಎಂಟು ಹತ್ತು ಗಂಟೆ. ನಮ್ಮ ವಯಸ್ಸಿನ ಬೆನ್ನಿಗೆ ಅದು ಬೇಡ. ವೀಗನ್‌ನ ಉತ್ತರಕ್ಕಿರುವ ಲಾವಾಗ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಡ್ರೈವರ್ ಇರುವ ವ್ಯಾನ್ ಬಾಡಿಗೆಗೆ ಹಿಡಿದು ದಕ್ಷಿಣಕ್ಕೆ ಬನ್ನಿ. ಎಂಟು ಜನ, ಎಂಟು ಪೆಟ್ಟಿಗೆ ಒಂದೇ ವ್ಯಾನ್‌ಗೆ ಹಿಡಿಸುತ್ತವೆ. ದಾರಿಯಲ್ಲೇ ಪಾವಾಯ್ ಚರ್ಚ್ ಸಿಗುತ್ತದೆ. ಭೂಕಂಪ ತಡೆಯಲೆಂದು ಗೋಡೆಗಳಿಗೆ ದೊಡ್ಡ ದೊಡ್ಡ ಆನಿಕೆ ಕೊಟ್ಟು ಕಟ್ಟಿದ ಚರ್ಚ್ ಅದು, 1993ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಹತ್ತಿರ ಹೋಗಿ ಗೋಡೆ ನೋಡಿ. ಇಟ್ಟಿಗೆಯ ಜೊತೆ ಸಮುದ್ರದ ಹವಳದ ಕಲ್ಲು ಸೇರಿದೆ.

ವೀಗನ್ 1572ರಲ್ಲಿ ಸ್ಪೇನ್‌ನವರು ನೆಲೆ ಊರಿದ ಊರು, 1999ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಅಲ್ಲಿನ ಕಾಯೆ ಕ್ರಿಸೊಲೊಗೊ ಬೀದಿಗೆ ಮೋಟಾರು ಗಾಡಿ ಬಿಡುವುದಿಲ್ಲ. ಕಲ್ಲು ಹಾಸು, ಕುದುರೆ ಗಾಡಿ, ಎರಡೂ ಕಡೆ ಹಳೇ ಮನೆಗಳು. ಸಂಜೆ ಜನವೋ ಜನ. ಆದ್ದರಿಂದ ಬೆಳಿಗ್ಗೆ ಆರಕ್ಕೆ ಹೋಗಿ. ಊರೊಳಗೇ ಉಳಿದರೆ ಮಾತ್ರ ಇದು ಆಗುತ್ತದೆ, ಅದಕ್ಕೇ ರಾತ್ರಿ ಜಾಸ್ತಿ ಇರಲಿ ಅಂದದ್ದು.

ಉಳಿಯಲು ಹಳೇ ಮನೆಯನ್ನೇ ಹೋಟೆಲ್ ಮಾಡಿರುವ ಜಾಗ ಹುಡುಕಿ. ಇವುಗಳಿಗೆ ಬಹಾಯ್ ನಾ ಬಾಟೊ ಅನ್ನುತ್ತಾರೆ. ಕೆಳಗೆ ಕಲ್ಲು, ಮೇಲೆ ಮರ. ಮೇಲಿನ ಮಹಡಿಯ ಕಿಟಕಿಗೆ ಗಾಜಿಲ್ಲ. ಮರದ ಸಣ್ಣ ಸಣ್ಣ ಚೌಕಗಳಲ್ಲಿ ಕಾಪಿಜ್ ಅನ್ನೋ ತೆಳ್ಳನೆಯ ಸಮುದ್ರದ ಚಿಪ್ಪನ್ನು ಕೂರಿಸಿರುತ್ತಾರೆ. ಬಿಸಿಲು ಒಳಗೆ ಬರುತ್ತದೆ, ಆದರೆ ಕಣ್ಣು ಕುಕ್ಕುವುದಿಲ್ಲ. ಕಿಟಕಿ ಪಕ್ಕಕ್ಕೆ ಸರಿಯುತ್ತದೆ. ಅದರ ಕೆಳಗೆ, ನೆಲದ ಮಟ್ಟದಲ್ಲಿ, ಇನ್ನೊಂದು ಪುಟ್ಟ ಕಿಟಕಿ. ಅದನ್ನು ತೆಗೆದು ನೆಲದ ಮೇಲೆ ಕೂತರೆ ಗಾಳಿ ಸೀದಾ ಮೈಗೆ ಬರುತ್ತದೆ. ನಮ್ಮ ಮಧ್ಯಾಹ್ನಗಳೆಲ್ಲ ಕಳೆದದ್ದು ಆ ಪುಟ್ಟ ಕಿಟಕಿಯ ಮುಂದೆ. ಹಾಸ್ಟೆಲಿನ ಹಳೇ ಜಗಳಗಳೆಲ್ಲ ಅಲ್ಲೇ ಮತ್ತೆ ಎದ್ದವು, ಅಲ್ಲೇ ಮುಗಿದವು. "ಲೇ, ಇನ್ನೊಂದು ದಿನ ಇಲ್ಲೇ ಇರೋಣ ಕಣ್ರೋ" ಅಂದವನು ಆ ಮೊಣಕಾಲು ನೋವಿನವನೇ. ಒಂದು ಎಚ್ಚರ: ಮಲಗುವ ಕೋಣೆಗಳು ಸಾಮಾನ್ಯವಾಗಿ ಮೇಲೇ ಇರುತ್ತವೆ. ಕೆಳಗೆ ಕೋಣೆ ಇದೆಯಾ, ಬಾತ್‌ರೂಮ್ ಕೋಣೆಗೇ ಸೇರಿದೆಯಾ, ಎರಡನ್ನೂ ಕೇಳಿಯೇ ಬುಕ್ ಮಾಡಿ.

ಊಟದ ವಿಷಯ. ವೀಗನ್‌ನ ಎಂಪನಾಡ ಅಂದರೆ ಅಕ್ಕಿಹಿಟ್ಟಿನ ಕಿತ್ತಳೆ ಬಣ್ಣದ ಕರಿಗಡುಬು. ಒಳಗೆ ಹಸಿ ಪರಂಗಿ, ಮೊಟ್ಟೆ, ಲಾಂಗನಿಸಾ ಅನ್ನೋ ಮಾಂಸದ ಸಾಸೇಜ್. ಮೊಟ್ಟೆ, ಮಾಂಸ ಬಿಟ್ಟು ಮಾಡಿಕೊಡಿ ಅಂತ ಕೇಳಬಹುದು, ಆದರೆ ಕರಿಯುವ ಎಣ್ಣೆ ಒಂದೇ. ಪಿನಕ್ಬೆಟ್ ಅನ್ನೋ ಪಲ್ಯ ಪೂರ್ತಿ ತರಕಾರಿ ಹಾಗೆ ಕಾಣುತ್ತದೆ. ಅದಕ್ಕೆ ಬಗೊಂಗ್, ಅಂದರೆ ಹುದುಗಿಸಿದ ಮೀನು ಅಥವಾ ಸೀಗಡಿ ಹಾಕಿರುತ್ತಾರೆ. "ಮಾಂಸ ಇಲ್ಲ ತಾನೇ" ಅಂತ ಕೇಳಿದರೆ ಸಾಲದು, ಮೀನು, ಸೀಗಡಿ, ಬಗೊಂಗ್ ಎಲ್ಲವನ್ನೂ ಹೆಸರು ಹಿಡಿದು ಕೇಳಿ. ಅಂಟು ಅಕ್ಕಿಯನ್ನು ಬಾಳೆ ಎಲೆಯಲ್ಲಿ ಬೇಯಿಸಿ ಮಾಡುವ ಸುಮನ್, ಬೆಳ್ಳುಳ್ಳಿ ಅನ್ನ, ಹಣ್ಣು ನಮ್ಮವರ ಹೊಟ್ಟೆ ಕಾಪಾಡಿದವು. ಚಟ್ನಿಪುಡಿ ಡಬ್ಬಿ ಇರಲೇಬೇಕು.

ತಾಲ್ ಮನಿಲಾದ ದಕ್ಷಿಣಕ್ಕೆ, ಬಟಂಗಾಸ್ ಪ್ರಾಂತ್ಯದಲ್ಲಿದೆ. 1754ರಲ್ಲಿ ಜ್ವಾಲಾಮುಖಿ ಸಿಡಿದು ಹಳೇ ಊರು ಹಾಳಾದ ಮೇಲೆ ಈಗಿನ ಜಾಗಕ್ಕೆ ಬಂದ ಊರು. ಅಲ್ಲಿನ ಬೆಸಿಲಿಕಾ ಬಹಳ ದೊಡ್ಡದು. ಗಂಟೆ ಗೋಪುರ ಹತ್ತುವುದು ಮೊಣಕಾಲು ಗಟ್ಟಿ ಇದ್ದವರಿಗೆ ಮಾತ್ರ. ಉಳಿದವರು 1898ರಲ್ಲಿ ದೇಶದ ಮೊದಲ ಬಾವುಟ ಹೊಲಿದ ಮಾರ್ಸೆಲಾ ಅಗೊನ್ಸಿಲೊ ಅವರ ಮನೆ ನೋಡಬಹುದು, ಈಗ ಅದು ಮ್ಯೂಸಿಯಂ. ಬಾವುಟ ಹೊಲಿದದ್ದು ಮಾತ್ರ ಹಾಂಗ್‌ಕಾಂಗ್‌ನಲ್ಲಿ. ಬಟಂಗಾಸ್‌ನ ಬರಾಕೊ ಕಾಫಿ ಬಹಳ ಸ್ಟ್ರಾಂಗ್, ಕಡು ಕಾಫಿ ಇಷ್ಟಪಡುವವರಿಗೆ ಹೇಳಿ ಮಾಡಿಸಿದ್ದು.

ಪೀಲಾದ ಚೌಕ ನೋಡುವ ಮುಂಚೆ ಮನಿಲಾದ ನ್ಯಾಷನಲ್ ಮ್ಯೂಸಿಯಂ ಆಫ್ ಆಂಥ್ರೊಪಾಲಜಿಗೆ ಹೋಗಿ. ಪ್ರವೇಶ ಉಚಿತ. ಪೀಲಾದ ಹತ್ತಿರದ ಲುಂಬಾನ್‌ನಲ್ಲಿ 1989ರಲ್ಲಿ ಸಿಕ್ಕ ತಾಮ್ರಪತ್ರ ಅಲ್ಲಿದೆ. ಲಿಪಿ ಕಾವಿ ಅನ್ನೋ ಜಾವಾದ ಹಳೇ ಲಿಪಿ, ಭಾಷೆ ಹೆಚ್ಚಾಗಿ ಹಳೇ ಮಲಯ್. ಆದರೆ ಶುರುವಾಗುವುದು "ಸ್ವಸ್ತಿ" ಅಂತ. ಆಮೇಲೆ ಶಕ ವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರ. ಅಂದರೆ ಕ್ರಿ.ಶ. 900. ಚಿನ್ನದ ಸಾಲವೊಂದು ತೀರಿತು, ಮಕ್ಕಳು ಮೊಮ್ಮಕ್ಕಳು ಅದಕ್ಕೆ ಹೊಣೆಯಲ್ಲ ಅಂತ ಬರೆದುಕೊಟ್ಟ ಪತ್ರ ಅದು. ಗಾಜಿನ ಮುಂದೆ ನಾವೆಲ್ಲ ಅಲುಗಾಡದೆ ನಿಂತುಬಿಟ್ಟೆವು. ಅಷ್ಟು ದೂರದ ದ್ವೀಪದಲ್ಲಿ ನಮ್ಮ ಪಂಚಾಂಗದ ಮಾತು! ಇದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ದುಡ್ಡಿಗೆ ಒಂದೇ ಚೀಲ. ಮೊದಲ ದಿನವೇ ಎಲ್ಲರೂ ಸಮನಾಗಿ ಪೆಸೊ ಹಾಕಿ, ವ್ಯಾನ್, ಊಟ, ಟಿಕೆಟ್ ಅದರಿಂದಲೇ. ನಾನು ಬ್ಯಾಂಕಿನಲ್ಲಿದ್ದವಳು, ಲೆಕ್ಕ ನನ್ನ ಕೈಯಲ್ಲಿತ್ತು. ಚಿಲ್ಲರೆ ನೋಟು ಜಾಸ್ತಿ ಇಟ್ಟುಕೊಳ್ಳಿ, ಸಣ್ಣ ಊರಿನಲ್ಲಿ 1000 ಪೆಸೊ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ. ಕುದುರೆ ಗಾಡಿ ಹತ್ತುವ ಮುಂಚೆ ಗಂಟೆಗೆ ಎಷ್ಟು, ಎಷ್ಟು ಜನ ಅಂತ ಮಾತಾಡಿಕೊಳ್ಳಿ.

ವೀಗನ್‌ನಲ್ಲಿ ಬುರ್ನಾಯ್ ಮಣ್ಣಿನ ಜಾಡಿ ಮಾಡುವುದನ್ನು ನೋಡಿ, ಆದರೆ ಕೊಳ್ಳುವುದಾದರೆ ಅಬೆಲ್ ಕೈಮಗ್ಗದ ಬಟ್ಟೆ ಕೊಳ್ಳಿ. ಹಗುರ, ಒಡೆಯುವುದಿಲ್ಲ. ಇನ್ನು ಲಾವಾಗ್‌ನಿಂದ ಮನಿಲಾಗೆ ಬಂದ ದಿನವೇ ಮನೆಗೆ ಹೊರಡುವ ವಿಮಾನ ಇಟ್ಟುಕೊಳ್ಳಬೇಡಿ. ಮನಿಲಾ ವಿಮಾನ ನಿಲ್ದಾಣದ ಟರ್ಮಿನಲ್‌ಗಳು ಬೇರೆ ಬೇರೆ ಕಡೆ ಇವೆ, ಟ್ರಾಫಿಕ್ ವಿಪರೀತ. ಮನಿಲಾದಲ್ಲಿ ಒಂದು ರಾತ್ರಿ ಉಳಿದು, ಚೀಲದ ಲೆಕ್ಕ ಅಲ್ಲೇ ಮುಗಿಸಿ ಹೊರಡಿ.