ಸ್ವಾಲ್ಬಾರ್ಡ್‌ನಲ್ಲಿ ಗೆಜ್ಜೆಯಿಲ್ಲದ ಕುಣಿತ

ಭರತನಾಟ್ಯದವರ ಪಾದಕ್ಕೆ ನೆಲ ಮರುದನಿ ಕೊಡಬೇಕು. ತಟ್ಟಿದ ಕಾಲು ಸದ್ದು ಮಾಡದಿದ್ದರೆ ಏನಾಗುತ್ತದೆಂದು ನನಗೆ ತಿಳಿದದ್ದು ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ.

ಜೂನ್ ತಿಂಗಳು. ಕಲಾವಿದರ ತಂಡವೊಂದರ ಜೊತೆ 78 ಡಿಗ್ರಿ ಉತ್ತರದ ಲಾಂಗ್‌ಇಯರ್‌ಬಿಯೆನ್‌ನಿಂದ ಹಾಯಿಹಡಗು ಹತ್ತಿದ್ದೆ. ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ರಬ್ಬರ್ ದೋಣಿಯಲ್ಲಿ ದಡ ಸೇರಿದೆವು. ಮಾರ್ಗದರ್ಶಿಗಳು ಬಂದೂಕು ಹಿಡಿದು ದಿಬ್ಬ ಹತ್ತಿ, ಹಿಮಕರಡಿ ಇಲ್ಲವೆಂದು ಖಚಿತಪಡಿಸಿಕೊಂಡು ಮೂರು ಕಡೆ ಕಾವಲು ನಿಂತರು. ಅವರ ನಡುವಿನ ಜಾಗವೇ ನನ್ನ ರಂಗ.

ಗೆಜ್ಜೆ ಒಯ್ದಿದ್ದೆ, ಕಟ್ಟಲಿಲ್ಲ. ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿಗಳನ್ನು ಬೆದರಿಸಬಾರದು. ಪಾಚಿಯ ಮೇಲೂ ಕುಣಿಯಬಾರದು, ತುಳಿದ ಗುರುತು ವರ್ಷಗಟ್ಟಲೆ ಮಾಸುವುದಿಲ್ಲ. ಉಳಿದದ್ದು ಹಿಮ. ದಪ್ಪ ಬೂಟಿನಲ್ಲಿ, ಪಾದ ತಟ್ಟುವ ಹೆಜ್ಜೆಯಾದ ತಟ್ಟಡವು ಶುರುಮಾಡಿದೆ. 'ತೈಯಾ ತೈ' ಬಾಯಲ್ಲಿ ಬಂತು, ಕಾಲಲ್ಲಿ ಬರಲಿಲ್ಲ. ಎರಡು ಪದರದ ಕೈಗವಸಿನೊಳಗೆ ಬೆರಳು ಅರಳಿಸುವ ಅಲಪದ್ಮ ಮುದ್ರೆಯೂ ಬೆರಳು ಜೋಡಿಸುವ ಪತಾಕವೂ ಒಂದೇ ಆಗಿಬಿಟ್ಟವು. ಇಪ್ಪತ್ತು ವರ್ಷ ಕಲಿತದ್ದೆಲ್ಲ ಕೈಬಿಟ್ಟಂತಾಗಿ, ಹಡಗಿಗೆ ಮರಳಿ ಅತ್ತೆ.

ಮೂರನೆಯ ದಿನ ದಡದಲ್ಲೊಂದು ದಿಮ್ಮಿ ಸಿಕ್ಕಿತು. ಸ್ವಾಲ್ಬಾರ್ಡ್‌ನಲ್ಲಿ ಮರವೆಂಬುದೇ ಇಲ್ಲ. ಸೈಬೀರಿಯಾದ ನದಿಗಳು ಸಮುದ್ರಕ್ಕೆ ತಳ್ಳಿದ ಮರಗಳು ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡು ವರ್ಷಗಳ ಕಾಲ ತೇಲಿ ಇಲ್ಲಿಗೆ ಬರುತ್ತವೆ. 1946ಕ್ಕಿಂತ ಹಿಂದಿನ ಮನುಷ್ಯರ ಕುರುಹುಗಳನ್ನು ಅಲ್ಲಿ ಮುಟ್ಟುವಂತಿಲ್ಲವಾದ್ದರಿಂದ, ಕೇಳಿಯೇ ಹತ್ತಿದೆ. ಹಿಮ್ಮಡಿ ಊರಿದೆ. ಟಕ್ ಎಂದಿತು. ಎಷ್ಟೋ ದೂರದ ಕಾಡಿನ ಮರ ನನ್ನ ಕಾಲಿಗೆ ಓಗೊಟ್ಟಿತ್ತು!

ಎದುರಿಗೇ ಹಿಮನದಿ. ಅದರಿಂದ ಒಡೆದು ತೇಲುವ ತುಂಡುಗಳು ಕರಗುವಾಗ, ಒಳಗೆ ಸೆರೆಸಿಕ್ಕ ಹಳೆಯ ಗಾಳಿಗುಳ್ಳೆಗಳು ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿಯುತ್ತವೆ. ಅದನ್ನು ಆದಿತಾಳಕ್ಕೆ ಕೂರಿಸಲು ಹೋದದ್ದು ನನ್ನ ತಪ್ಪು, ಎಂಟು ಎಣಿಸುವಷ್ಟರಲ್ಲಿ ಸದ್ದು ಇನ್ನೆಲ್ಲೋ ಇರುತ್ತಿತ್ತು. ಎಣಿಕೆ ಬಿಟ್ಟೆ. ಸದ್ದು ಬಂದಾಗ ಮಾತ್ರ ಹೆಜ್ಜೆ, ಬರದಿದ್ದರೆ ಮಂಡಿ ಬಾಗಿಸಿ ಅರ್ಧ ಕೂತ ಅರೆಮಂಡಿಯಲ್ಲೇ ಕಾಯುವುದು. ಒದ್ದೆ ದಿಮ್ಮಿಯ ಮೇಲೆ ಜಾರದಂತೆ ಕಾಪಾಡಿದ್ದೂ ಆ ಅರೆಮಂಡಿಯೇ. ಹಸ್ತಗಳು ಹೇಳಬೇಕಾದದ್ದನ್ನು ಕಣ್ಣು, ಕುತ್ತಿಗೆ, ಬಾಯಿಂದ ಆವಿಯಾಗಿ ಕಾಣುವ ಉಸಿರು ಹೇಳಿದವು.

ಕೊನೆಯ ದಿನ ಗವಸು ಕಳಚಿ ಅಲಪದ್ಮ ಬಿಡಿಸಿದೆ. ಕಿರುಬೆರಳು ಮರಗಟ್ಟುತ್ತಿತ್ತು. ಅಷ್ಟರಲ್ಲಿ ದೂರದ ಹಿಮಗೋಡೆಯ ಒಂದು ಪಾಲು ಕಳಚಿ ಕಡಲಿಗೆ ಬಿತ್ತು. ಬಿದ್ದದ್ದು ಮೊದಲು ಕಂಡಿತು. ಅದರ ಗುಡುಗು ಬರಲು ಮೂರ್ನಾಲ್ಕು ಸೆಕೆಂಡು ಹಿಡಿಯಿತು. ಅಲ್ಲಿಯವರೆಗೂ ಎತ್ತಿದ ಕಾಲನ್ನು ಇಳಿಸದೆ ಕಾದೆ.